ಕೂಸನ್ನು ಕಾರಿನಲ್ಲಿ ಬಿಟ್ಟು ಇಳಿಯುವ ಮುನ್ನ

(ತಿಳವಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದಾಗ ವಚನ, ಶಾಸನ, ಸಂಗೀತದ ಮಾತು ಕೇಳಲು ಸಿಗುತ್ತದೆ ಎಂದುಕೊಂಡು ನೀವು ಬಂದಿರಬಹುದು. ಅದು ಸಹಜ. ಸೇವುಣರ ಕಾಲದ ಶಾಂತೇಶ್ವರ ದೇವಸ್ಥಾನವಿರುವ ಊರು ಇದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹುಟ್ಟಿದ ಹಾನಗಲ್ಲ ತಾಲ್ಲೂಕು ಇದು. ಆದರೆ ನಾನು ಮಕ್ಕಳ ವೈದ್ಯ. ಕರೆದವರು ಮಕ್ಕಳ ವಿಷಯವನ್ನೇ ಮಾತಾಡಿ ಎಂದರು. ಲಸಿಕೆ, ಅಪೌಷ್ಟಿಕತೆ, ಹಾವು ಕಡಿತ, ಇವುಗಳ ಬಗ್ಗೆ ನಮ್ಮ ಆಶಾ ತಂಗಿಯರು ಮನೆಮನೆಗೆ ಹೋಗಿ ಹೇಳುತ್ತಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರ ಪಟ್ಟಿಯಲ್ಲಿ ಇನ್ನೂ ಸೇರದ ಒಂದು ಅಪಾಯ ನಮ್ಮ ಮನೆಗಳ ಅಂಗಳಕ್ಕೆ ಬಂದು ನಿಂತಿದೆ. ಅದು ಕಾರು. ಓಡುವ ಕಾರಿನ ಮಾತಲ್ಲ, ನಿಂತ ಕಾರಿನ ಮಾತು.

ಒಂದು ತಲೆಮಾರಿನ ಹಿಂದೆ ಇಲ್ಲಿ ಕಾರೆಂದರೆ ಊರಿಗೆ ಒಂದೋ ಎರಡೋ. ಇವತ್ತು ಗೋವಿನಜೋಳದ ಪೀಕು ಚೆನ್ನಾಗಿ ಬಂದ ವರ್ಷ ಮನೆಗೊಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಮೆಣಸಿನಕಾಯಿ ಹಿಂದೆ ಹೋಗುವವರು ಮನೆಮಂದಿಯನ್ನೂ ಕೂರಿಸಿಕೊಂಡು ಹೋಗುತ್ತಾರೆ. ಬೇಸಿಗೆ ರಜೆಗೆ ಬೆಂಗಳೂರು, ಹುಬ್ಬಳ್ಳಿಯಿಂದ ಮಕ್ಕಳು ಮೊಮ್ಮಕ್ಕಳು ಕಾರಿನಲ್ಲೇ ಬಂದಿಳಿಯುತ್ತಾರೆ. ಇದೆಲ್ಲ ಒಳ್ಳೆಯದೇ. ಬಸುರಿಯನ್ನು ಸರಿಹೊತ್ತಿನಲ್ಲಿ ಆಸ್ಪತ್ರೆಗೆ ತಂದು ಮುಟ್ಟಿಸಿದ ಕಾರುಗಳನ್ನು ಕಂಡವನು ನಾನು, ಕಾರನ್ನು ಹಳಿಯುವವನಲ್ಲ. ಆದರೆ ಎತ್ತಿನ ಗಾಡಿಯ ಜೊತೆ ಹೇಗೆ ಇರಬೇಕೆಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಹೂಡಿದ ಗಾಡಿಯ ಮೇಲೆ ಕೂಸನ್ನು ಒಂಟಿಯಾಗಿ ಕೂರಿಸಿ ಯಾರೂ ಅಂಗಡಿಗೆ ಹೋಗುತ್ತಿರಲಿಲ್ಲ. ಕಾರಿನ ವಿಷಯದಲ್ಲಿ ಅಂಥ ತಿಳಿವಳಿಕೆ ಬೆಳೆಯುವ ಮೊದಲೇ ಕಾರು ಬಂದುಬಿಟ್ಟಿದೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ಯಾವುದೇ ಪೇಟೆಯ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕಾರು ಬರುತ್ತದೆ, ಒಬ್ಬರು ಇಳಿಯುತ್ತಾರೆ. ಹಿಂದಿನ ಸೀಟಿನಲ್ಲಿ ಎರಡು ವರ್ಷದ ಕೂಸು ನಿದ್ದೆಹೋಗಿರುತ್ತದೆ. “ಈಗ ಮಲಗೈತಿ, ಎಬ್ಬಿಸಿದ್ರ ರಂಪ ಮಾಡ್ತೈತಿ. ಒಂದ್ ನಿಮಿಷದಾಗ ಬಂದ್ಬಿಡ್ತೀನಿ” ಎನ್ನುತ್ತಾರೆ. ಗ್ಲಾಸ್ ಎರಡು ಬೆರಳು ಇಳಿಸುತ್ತಾರೆ, ಲಾಕ್ ಮಾಡುತ್ತಾರೆ. ಈ ಮಾತಿನಲ್ಲಿ ಅಕ್ಕರೆ ಇದೆ, ಕೂಸಿನ ನಿದ್ದೆಯ ಕಾಳಜಿ ಇದೆ. ನಿರ್ಲಕ್ಷ್ಯದ ತಾಯಿ, ಬೇಜವಾಬ್ದಾರಿ ತಂದೆ ಎಂದು ಬೈದು ಮುಗಿಸುವ ವಿಷಯ ಇದಲ್ಲ.

ಆ ಒಂದು ನಿಮಿಷ ಎಷ್ಟು ದೊಡ್ಡದಾಗುತ್ತದೆ ಎಂದು ಮಾತ್ರ ಲೆಕ್ಕ ಹಾಕೋಣ. ಅಂಗಡಿಯಲ್ಲಿ ಮೊದಲೇ ನಾಲ್ಕು ಜನ ನಿಂತಿರುತ್ತಾರೆ. ಚೀಟಿಯಲ್ಲಿ ಬರೆದ ಔಷಧ ಇರುವುದಿಲ್ಲ, ಹುಡುಗ ಒಳಗೆ ಹೋಗಿ ಹುಡುಕುತ್ತಾನೆ. ಫೋನ್‌ಪೇ ತಿರುಗುತ್ತಲೇ ಇರುತ್ತದೆ, ದುಡ್ಡು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಅಷ್ಟರಲ್ಲಿ ಬೀಗರೊಬ್ಬರು ಎದುರಾಗಿ “ಯಾವಾಗ ಬಂದ್ರಿ, ಬರ್ರಿ ಚಾ ಕುಡಿಯೂಣು” ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಹಾಗೆ ಕರೆದವರಿಗೆ ಬೆನ್ನು ತಿರುಗಿಸಿ ಹೋಗುವುದು ಮರ್ಯಾದೆಯಲ್ಲ. ಬ್ಯಾಂಕಾದರೆ ಸರ್ವರ್ ಡೌನ್, ರೈತ ಸಂಪರ್ಕ ಕೇಂದ್ರವಾದರೆ ಹೆಬ್ಬೆಟ್ಟು ಹತ್ತುವುದಿಲ್ಲ. ಒಂದು ನಿಮಿಷ ಹದಿನೈದಾಗುವುದು ಇಲ್ಲಿ ಅಪರೂಪವಲ್ಲ, ಪೇಟೆಯ ಕೆಲಸ ನಡೆಯುವ ರೀತಿಯೇ ಅದು.

ಆ ಹದಿನೈದು ನಿಮಿಷದಲ್ಲಿ ಕಾರಿನೊಳಗೆ ಏನಾಗುತ್ತದೆ? ಬಿಸಿಲು ಗ್ಲಾಸ್ ಮೂಲಕ ಒಳಗೆ ಬರುತ್ತದೆ, ಡ್ಯಾಶ್‌ಬೋರ್ಡ್, ಸೀಟು, ಸ್ಟೀರಿಂಗ್ ಎಲ್ಲವನ್ನೂ ಕಾಯಿಸುತ್ತದೆ. ಕಾದ ವಸ್ತುಗಳು ಹೊರಸೂಸುವ ಶಾಖ ಅದೇ ಗ್ಲಾಸ್ ದಾಟಿ ಹೊರಗೆ ಹೋಗುವುದಿಲ್ಲ. ಕಾದ ಗಾಳಿಯೂ ಹೊರಗೆ ಹೋಗಲು ದಾರಿಯಿಲ್ಲ. ಅಮೆರಿಕದ ಕ್ಯಾಥರೀನ್ ಮೆಕ್‌ಲಾರೆನ್, ಜ್ಯಾನ್ ನಲ್, ಜೇಮ್ಸ್ ಕ್ವಿನ್ ಎಂಬ ಮೂವರು 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಅಳೆದು ಬರೆದರು. ಹೊರಗೆ 22 ಡಿಗ್ರಿಯ ತಂಪಿನಿಂದ 35 ಡಿಗ್ರಿಯ ಬಿಸಿಯವರೆಗೆ ಬೇರೆಬೇರೆ ದಿನ ಬಿಸಿಲಿನಲ್ಲಿ ಕಾರು ನಿಲ್ಲಿಸಿ ನೋಡಿದಾಗ ಒಳಗಿನ ಬಿಸಿ ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಏರಿತು. ಆ ಏರಿಕೆಯಲ್ಲಿ ನೂರಕ್ಕೆ 80 ಭಾಗ ಮೊದಲ ಅರ್ಧ ತಾಸಿನಲ್ಲೇ ಮುಗಿದಿತ್ತು. ಗ್ಲಾಸ್ ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಎರಡು ಬೆರಳಿನ ಸಂದಿಯನ್ನು ನಂಬಿ ಇಳಿಯುವವರು ಇದನ್ನು ನೆನಪಿಡಬೇಕು.

ನಮ್ಮ ಲೆಕ್ಕಕ್ಕೆ ತಂದುಕೊಂಡರೆ, ಹೊರಗೆ 36 ಡಿಗ್ರಿ ಇರುವ ದಿನ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಳಗೆ 46ರ ಹತ್ತಿರ ಬಂದಿರುತ್ತದೆ. “ಗಿಡದ ನೆರಳಿಗೆ ನಿಲ್ಲಿಸೇನಿ” ಎನ್ನುವವರಿಗೂ ಒಂದು ಮಾತು. ಅಮೆರಿಕದ ಅರಿಝೋನಾ ಎಂಬ ಮರುಭೂಮಿ ರಾಜ್ಯದ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ತಾಸು ಬಿಸಿಲಲ್ಲಿ ನಿಂತ ಕಾರಿನೊಳಗೆ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡಿನ ಮೇಲೆ 69 ಡಿಗ್ರಿ ಇತ್ತು. ನೆರಳಿನಲ್ಲಿ ನಿಂತ ಕಾರಿನೊಳಗೂ 38 ಡಿಗ್ರಿ ಮುಟ್ಟಿತ್ತು. ಎರಡು ವರ್ಷದ ಮಗುವಿನ ಮೈಶಾಖ ಅಪಾಯದ ಮಟ್ಟಕ್ಕೆ ಏರಲು ಬಿಸಿಲಿನ ಕಾರಿನಲ್ಲಿ ಸುಮಾರು ಒಂದು ತಾಸು ಸಾಕು, ನೆರಳಿನ ಕಾರಿನಲ್ಲೂ ಎರಡು ತಾಸು ಬೇಕಿಲ್ಲ ಎಂದು ಅವರು ಲೆಕ್ಕ ಹಾಕಿದರು. ಬೇವಿನ ಗಿಡದ ನೆರಳು ಸರಿಯುತ್ತದೆ ಎಂಬುದನ್ನು ಹೊಲದಲ್ಲಿ ದುಡಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಕೂಸಿನ ಮೈ ಏಕೆ ಬೇಗ ಕಾಯುತ್ತದೆ? ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆದ್ದರಿಂದ ಸುತ್ತಲಿನ ಶಾಖವನ್ನು ಬೇಗ ಹೀರುತ್ತದೆ. ಬೆವರಿ ತಣ್ಣಗಾಗುವ ಶಕ್ತಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗದಲ್ಲಿ ಮಗುವಿನ ಮೈ ಬಿಸಿಯಾಗುತ್ತದೆ. ಒಳಮೈ 40 ಡಿಗ್ರಿ ದಾಟಿದರೆ ಅದು ಶಾಖಾಘಾತ. 42ರ ಹತ್ತಿರ ಬಂದರೆ ಮಿದುಳು, ಮೂತ್ರಪಿಂಡ, ಯಕೃತ್ತು ಒಂದೊಂದಾಗಿ ಕೈಬಿಡುತ್ತವೆ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್‌ಗೆ ಇಳಿಯುವುದಿಲ್ಲ. ಇಂಥ ಸಾವುಗಳು ನಡೆದಾಗ ಪತ್ರಿಕೆಗಳು ಕಾರಿನಲ್ಲಿ ಉಸಿರುಗಟ್ಟಿ ಸಾವು ಎಂದು ಬರೆಯುತ್ತವೆ. ಓದಿದವರು ಗಾಳಿ ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಾಳಿ ಮುಗಿಯುವುದಕ್ಕೆ ಎಷ್ಟೋ ಮೊದಲು ಶಾಖ ತನ್ನ ಕೆಲಸ ಮಾಡಿರುತ್ತದೆ.

ಇನ್ನು ನಮ್ಮ ದೇಶದಲ್ಲಿ ನಡೆದದ್ದನ್ನು ನೋಡೋಣ. ಇಲ್ಲಿ ದೊಡ್ಡ ಸಂಖ್ಯೆಯ ದುರಂತಗಳು ಬೇರೊಂದು ರೀತಿಯಲ್ಲಿ ಆಗಿವೆ. ಅಲ್ಲಿ ಮಕ್ಕಳನ್ನು ಯಾರೂ ಕಾರಿನಲ್ಲಿ ಬಿಟ್ಟಿರಲಿಲ್ಲ, ಅವರೇ ಆಡುತ್ತಾ ಹೋಗಿ ಕೂತಿದ್ದರು.

2025ರ ಮೇ 18, ಭಾನುವಾರ, ಆಂಧ್ರದ ವಿಜಯನಗರಂ ಹತ್ತಿರದ ದ್ವಾರಪುಡಿ. ಆಡಲು ಹೊರಟ ನಾಲ್ಕು ಮಕ್ಕಳು ಊರಿನಲ್ಲೇ ನಿಂತಿದ್ದ ಕಾರಿನೊಳಗೆ ಹೊಕ್ಕರು. ಬಾಗಿಲು ಲಾಕ್ ಆಯಿತು. ಮನೆಯವರು ಊರೆಲ್ಲ ಹುಡುಕಿ ಕಾರಿನ ಹತ್ತಿರ ಬರುವಷ್ಟರಲ್ಲಿ ನಾಲ್ಕೂ ಜೀವ ಹೋಗಿತ್ತು. ಅದಕ್ಕೆ ಒಂದು ತಿಂಗಳ ಮೊದಲು, ಏಪ್ರಿಲ್ 14ರಂದು, ತೆಲಂಗಾಣದ ಚೇವೆಳ್ಳ ಮಂಡಲದ ದಾಮರಗಿದ್ದದಲ್ಲಿ ನೆಂಟರ ಮನೆಗೆ ಬಂದಿದ್ದ ನಾಲ್ಕು, ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಹೀಗೆಯೇ ಹೋದರು. 2024ರ ನವೆಂಬರ್ 2ರಂದು ಗುಜರಾತಿನ ಅಮ್ರೇಲಿ ಜಿಲ್ಲೆಯ ರಾಂಢಿಯಾದಲ್ಲಿ, ತಂದೆ ತಾಯಿ ಹೊಲದ ಕೂಲಿಗೆ ಹೋಗಿದ್ದಾಗ, ಮಾಲೀಕರ ಕಾರಿನಲ್ಲಿ ಒಂದೇ ತಾಯಿಯ ನಾಲ್ಕು ಮಕ್ಕಳು ಸತ್ತರು. ನವೆಂಬರ್ ಎಂಬುದನ್ನು ಗಮನಿಸಿ, ಅದು ಬೇಸಿಗೆಯಲ್ಲ. 2017ರ ಜೂನ್‌ನಲ್ಲಿ ಹರಿಯಾಣದ ಪಟೌಡಿ ಹತ್ತಿರದ ಹಳ್ಳಿಗೆ ರಜೆಗೆಂದು ಬಂದಿದ್ದ ಐದು ವರ್ಷದ ಅವಳಿ ಹೆಣ್ಣುಮಕ್ಕಳಿಗೆ ಅಜ್ಜನ ಮನೆಯಲ್ಲಿ ನಿಂತ ಕಾರೇ ಮೃತ್ಯುವಾಯಿತು.

ಈ ಊರುಗಳ ಹೆಸರು ಬದಲಿಸಿದರೆ ನಮ್ಮ ಊರೇ ಆಗುತ್ತದೆ. ಭಾನುವಾರ, ಬೇಸಿಗೆ ರಜೆ, ಅಜ್ಜನ ಮನೆ, ದೊಡ್ಡವರೆಲ್ಲ ಹೊಲದಲ್ಲಿ ಅಥವಾ ಮಾತುಕತೆಯಲ್ಲಿ, ಅಂಗಳದಲ್ಲಿ ಬಾಗಿಲು ಲಾಕ್ ಮಾಡದೆ ನಿಂತ ಕಾರು. “ನಮ್ಮ ಹಳ್ಳ್ಯಾಗ ಯಾರು ಕದೀತಾರ್ರಿ” ಎಂದು ಲಾಕ್ ಮಾಡದೆ ಬಿಡುವುದು ನಮ್ಮ ಭಾಗದ ರೂಢಿ. ಕಳ್ಳರ ಭಯ ಇಲ್ಲದ ಊರು ಭಾಗ್ಯವಂತ ಊರು, ನಿಜ. ಆದರೆ ನಿಂತ ಕಾರನ್ನು ಮಕ್ಕಳ ಸಲುವಾಗಿ ಲಾಕ್ ಮಾಡಬೇಕು.

ಮಕ್ಕಳು ಬಾಗಿಲು ತೆರೆದುಕೊಂಡು ಹೊರಗೆ ಬರಬಾರದೇ ಎಂದು ಹಿರಿಯರು ಕೇಳುತ್ತಾರೆ. ನಿಮ್ಮ ಕಣ್ಣ ಮುಂದೆ ಇರುವುದು ಹಳೆಯ ಕಾರು. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಮಾರುತಿ 800ರಲ್ಲಿ ಬಾಗಿಲ ಮೇಲೊಂದು ಗುಂಡಿ ಇತ್ತು, ಎತ್ತಿದರೆ ಲಾಕ್ ತೆರೆಯುತ್ತಿತ್ತು. ಕೈಯಿಂದ ತಿರುಗಿಸುವ ಹಿಡಿ ಇತ್ತು, ಗ್ಲಾಸ್ ಇಳಿಯುತ್ತಿತ್ತು. ಅವನ್ನು ಬಳಸಲು ಕೀ ಬೇಕಿರಲಿಲ್ಲ. ಈಗಿನ ಕಾರಿನಲ್ಲಿ ಕೀ ತೆಗೆದ ಮೇಲೆ ಪವರ್ ವಿಂಡೋ ಬಟನ್ ಒತ್ತಿದರೂ ಗ್ಲಾಸ್ ಅಲುಗಾಡುವುದಿಲ್ಲ. ಹಿಂದಿನ ಬಾಗಿಲ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನ ಹಿಡಿ ಎಷ್ಟು ಎಳೆದರೂ ಬಾಗಿಲು ತೆರೆಯದು. ಓಡುವ ಕಾರಿನಿಂದ ಮಗು ಬೀಳದಿರಲಿ ಎಂದು ಮಾಡಿದ ಏರ್ಪಾಡು ಅದು. ನಿಂತ ಕಾರಿನಲ್ಲಿ ಅದೇ ಬಲೆಯಾಗುತ್ತದೆ.

ಐದಾರು ವರ್ಷದ ಮಕ್ಕಳಿಗೆ ಇದನ್ನು ಕಲಿಸಬಹುದು, ಕಲಿಸಲೇಬೇಕು. ಶಾಲೆಯ ಅಂಗಳದಲ್ಲಿ ಒಂದು ಕಾರು ತಂದು ನಿಲ್ಲಿಸಿದರೆ ಅರ್ಧ ತಾಸಿನ ಪಾಠ. ಒಳಗೆ ಸಿಕ್ಕಿಕೊಂಡರೆ ಹಿಂದೆ ಕೂತು ಅಳಬೇಡ, ಮುಂದಿನ ಸೀಟಿಗೆ ದಾಟು, ಮುಂದಿನ ಬಾಗಿಲ ಹಿಡಿ ಎರಡು ಸಲ ಎಳೆ. ಬಹಳ ಕಾರುಗಳಲ್ಲಿ ಮುಂದಿನ ಬಾಗಿಲು ಒಳಗಿನಿಂದ ಹಾಗೆ ತೆರೆಯುತ್ತದೆ. ತೆರೆಯದಿದ್ದರೆ ಹಾರ್ನ್ ಒತ್ತು, ಜನ ಬರುವವರೆಗೂ ಒತ್ತು. ಹೆಚ್ಚಿನ ಕಾರುಗಳಲ್ಲಿ ಕೀ ಇಲ್ಲದಿದ್ದರೂ ಹಾರ್ನ್ ಕೂಗುತ್ತದೆ. ನಿಮ್ಮ ಕಾರಿನಲ್ಲಿ ಕೂಗುತ್ತದೆಯೇ, ಬಾಗಿಲು ತೆರೆಯುತ್ತದೆಯೇ ಎಂದು ಇವತ್ತು ಮನೆಗೆ ಹೋದ ಕೂಡಲೇ ಪರೀಕ್ಷಿಸಿ ನೋಡಿ. ಡಿಕ್ಕಿಯ ವಿಷಯವೂ ಇದೆ. ಅಮೆರಿಕದಲ್ಲಿ 1998ರ ಬೇಸಿಗೆಯಲ್ಲಿ ಆಡುತ್ತಾ ಡಿಕ್ಕಿಯೊಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ, ಕತ್ತಲಲ್ಲಿ ಹೊಳೆಯುವ ಹಿಡಿಯನ್ನು ಡಿಕ್ಕಿಯ ಒಳಗೆ ಕೊಡಲೇಬೇಕೆಂದು ಅಲ್ಲಿ ನಿಯಮ ಬಂತು. ಮನೆಯಲ್ಲಿ ಮಗು ಕಾಣದಾದರೆ ನಾವು ಮೊದಲು ಬಾವಿ, ಕೆರೆ, ನೀರಿನ ತೊಟ್ಟಿ ನೋಡುತ್ತೇವೆ. ಆ ಸಾಲಿಗೆ ಕಾರನ್ನೂ ಅದರ ಡಿಕ್ಕಿಯನ್ನೂ ಸೇರಿಸಿ.

ಮೂರನೆಯ ಬಗೆಯೊಂದಿದೆ, ಅದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಅದು ಮರೆತುಹೋಗುವುದು. 2024ರ ಮೇ 15ರಂದು ರಾಜಸ್ಥಾನದ ಕೋಟಾ ಜಿಲ್ಲೆಯ ಜೋರಾವರಪುರಾದಲ್ಲಿ ಮದುವೆಗೆ ಬಂದ ಒಂದು ಕುಟುಂಬ. ತಾಯಿಯೂ ಹಿರಿಯ ಮಗಳೂ ಇಳಿದರು. ಚಿಕ್ಕವಳೂ ಅವರೊಂದಿಗೆ ಇಳಿದಳೆಂದು ತಿಳಿದ ತಂದೆ ಕಾರು ನಿಲ್ಲಿಸಿ ಲಾಕ್ ಮಾಡಿದ. ಚಿಕ್ಕವಳು ಗಂಡನೊಂದಿಗೆ ಇದ್ದಾಳೆಂದು ತಾಯಿ ತಿಳಿದಳು. ಮೂರು ವರ್ಷದ ಆ ಮಗು ಕಾರಿನಲ್ಲೇ ಇತ್ತು. ಇದನ್ನು ಕೇಳಿದವರು “ಅದೆಂಥಾ ಅಪ್ಪ, ಅದೆಂಥಾ ಅವ್ವ” ಎನ್ನುತ್ತಾರೆ. ದಯವಿಟ್ಟು ಹಾಗೆನ್ನಬೇಡಿ.

ಅಮೆರಿಕದ ಪತ್ರಕರ್ತ ಜೀನ್ ವೈನ್‌ಗಾರ್ಟನ್ 2009ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಇಂಥ ತಂದೆ ತಾಯಂದಿರ ಕುರಿತು ದೀರ್ಘ ಲೇಖನ ಬರೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. ಮರೆತವರಲ್ಲಿ ಬಡವರು ಶ್ರೀಮಂತರು, ಓದಿದವರು ಓದದವರು, ಮಕ್ಕಳನ್ನು ಕಣ್ಣರೆಪ್ಪೆಯಂತೆ ಕಾಯ್ದವರು ಎಲ್ಲರೂ ಇದ್ದರು. ಮಿದುಳಿನ ವಿಜ್ಞಾನಿ ಡೇವಿಡ್ ಡೈಮಂಡ್ ಇದನ್ನು ವಿವರಿಸುತ್ತಾರೆ. ದಿನದ ರೂಢಿಯ ಕೆಲಸಗಳನ್ನು ನಡೆಸುವ ನೆನಪು ಒಂದು, ಮುಂದೆ ಮಾಡಬೇಕಾದ ಕೆಲಸವನ್ನು ಹಿಡಿದಿಡುವ ನೆನಪು ಇನ್ನೊಂದು. ನಿದ್ದೆಗೆಟ್ಟಾಗ, ಆತಂಕದಲ್ಲಿದ್ದಾಗ, ದಿನಚರಿ ಬದಲಾದಾಗ ಮೊದಲನೆಯದು ಎರಡನೆಯದನ್ನು ತಳ್ಳಿ ಮುಂದೆ ಹೋಗುತ್ತದೆ. ಅದಕ್ಕೆ ಪ್ರೀತಿ ಅಡ್ಡ ಬರಲಾರದು. ಅಮೆರಿಕದಲ್ಲಿ ಏರ್‌ಬ್ಯಾಗ್ ಬಂದ ಮೇಲೆ ಮಕ್ಕಳನ್ನು ಮುಂದಿನ ಸೀಟಿನಿಂದ ಹಿಂದಕ್ಕೆ ಕೂರಿಸಲು ಹೇಳಿದರು. ಅಪಘಾತದಲ್ಲಿ ಸಾಯುವ ಮಕ್ಕಳು ಕಡಿಮೆಯಾದರು, ಕಣ್ಣಿಗೆ ಕಾಣದ ಹಿಂದಿನ ಸೀಟಿನಲ್ಲಿ ಮರೆತುಹೋಗುವ ಮಕ್ಕಳು ಹೆಚ್ಚಾದರು. ಅಲ್ಲಿ ವರ್ಷಕ್ಕೆ ಸರಾಸರಿ 37 ಮಕ್ಕಳು ಕಾರಿನ ಶಾಖಕ್ಕೆ ಬಲಿಯಾಗುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮರೆತುಹೋದವರು, ಸುಮಾರು ಕಾಲು ಭಾಗ ತಾವೇ ಹೊಕ್ಕವರು, ಉಳಿದವರಲ್ಲಿ ಬಹುಪಾಲು ‘ಒಂದೇ ನಿಮಿಷ’ದವರು.

ಇಟಲಿ 2018ರಲ್ಲಿ ಕಾನೂನು ಮಾಡಿತು. ನಾಲ್ಕು ವರ್ಷದೊಳಗಿನ ಮಗುವಿನ ಸೀಟಿಗೆ, ಮಗುವನ್ನು ಬಿಟ್ಟು ಇಳಿದರೆ ಎಚ್ಚರಿಸುವ ಸಾಧನ ಇರಲೇಬೇಕು. ನಮ್ಮಲ್ಲಿ ಅಂಥ ಸಾಧನ ಬರಲು ಕಾಲ ಬೇಕು. ಅಲ್ಲಿಯವರೆಗೆ ನನಗೆ ತೋಚಿದ ಉಪಾಯ ಒಂದು: ಕೂಸನ್ನು ಹಿಂದೆ ಕೂರಿಸಿದ ದಿನ ನಿಮ್ಮ ಎಡಗಾಲಿನ ಚಪ್ಪಲಿಯನ್ನೂ ಹಿಂದೆ ಇಡಿ. ಚಪ್ಪಲಿ ಇಲ್ಲದೆ ಬಿಸಿಲಿನ ನೆಲಕ್ಕೆ ಕಾಲಿಡಲಾಗುವುದಿಲ್ಲ, ಹಿಂದಿನ ಬಾಗಿಲು ತೆರೆಯಲೇಬೇಕಾಗುತ್ತದೆ. ಒಂದು ಕಾಲಿನ ಚಪ್ಪಲಿಯಲ್ಲಿ ಓಡಿಸುವುದು ಹಿಡಿಸದವರು ಮೊಬೈಲು, ಚೀಲ, ಪಾಸ್‌ಬುಕ್ ಏನಾದರೂ ಇಡಿ, ಅದಿಲ್ಲದೆ ಕೆಲಸ ಸಾಗಬಾರದು, ಅಷ್ಟೇ.

ನಮ್ಮಲ್ಲಿ ಮದುವೆಗಳ ಸುಗ್ಗಿ ಏಪ್ರಿಲ್, ಮೇ. ಬಸವ ಜಯಂತಿಯ ಹಿಂದುಮುಂದೆ ಸಾಮೂಹಿಕ ವಿವಾಹಗಳು, ಊರ ತುಂಬ ಕಾರು, ಕ್ರೂಸರ್, ಟಂಟಂ. ಹತ್ತು ಕೈಗಳಲ್ಲಿ ಹರಿದಾಡುವ ಕೂಸು ಯಾರ ಕೈಯಲ್ಲಿದೆ ಎಂಬುದು ಅಂದು ಯಾರಿಗೂ ಖಚಿತವಿರುವುದಿಲ್ಲ, ಕೋಟಾದಲ್ಲಿ ಆದದ್ದೂ ಇದೇ. ಕಲ್ಯಾಣ ಮಂಟಪದವರು ಕಾರು ನಿಲ್ಲುವ ಜಾಗಕ್ಕೆ ಒಬ್ಬ ಹುಡುಗನನ್ನು ನೇಮಿಸಿ, ಪ್ರತಿ ಕಾರಿನೊಳಗೂ ಇಣುಕಿ ನೋಡು ಎಂದು ಹೇಳಿದರೆ ಅದಕ್ಕೆ ಆಗುವ ಖರ್ಚು ಒಂದು ದಿನದ ಕೂಲಿ.

ಶಾಲಾ ವಾಹನದವರೂ ಇಲ್ಲಿ ಇದ್ದೀರಿ. 2022ರ ಸೆಪ್ಟೆಂಬರ್ 11ರಂದು ಕತಾರ್‌ನಲ್ಲಿ ಕೇರಳ ಮೂಲದ ನಾಲ್ಕು ವರ್ಷದ ಹುಡುಗಿಯೊಬ್ಬಳು ಶಾಲಾ ಬಸ್ಸಿನಲ್ಲೇ ನಿದ್ದೆಹೋದಳು. ಯಾರೂ ನೋಡದೆ ಬಸ್ಸನ್ನು ಮುಚ್ಚಿ ಹೋದರು. ಅಂದು ಅವಳ ಹುಟ್ಟಿದ ದಿನ. ಬೇರೆ ದೇಶಗಳಲ್ಲಿ ಶಾಲಾ ಬಸ್ಸಿನ ಕಟ್ಟಕಡೆಯ ಸೀಟಿನ ಹಿಂದೆ ಒಂದು ಬಟನ್ ಇಡುತ್ತಾರೆ. ಎಂಜಿನ್ ಆರಿಸಿದ ಮೇಲೆ ಚಾಲಕ ನಡೆದು ಹೋಗಿ ಅದನ್ನು ಒತ್ತದಿದ್ದರೆ ಗಂಟೆ ಬಾರಿಸುತ್ತದೆ. ನಿಮ್ಮ ಗಾಡಿಯಲ್ಲಿ ಬಟನ್ ಇಲ್ಲದಿರಬಹುದು, ಕೊನೆಯ ಸೀಟಿನವರೆಗೆ ನಡೆಯುವ ಕಾಲುಗಳಿವೆ. ದಿನಕ್ಕೆ ಎರಡು ಸಲ ನಡೆಯಿರಿ, ಸೀಟಿನ ಕೆಳಗೂ ನೋಡಿ.

“ಹಂಗಾದ್ರ ಎಸಿ ಹಚ್ಚಿ ಗಾಡಿ ಚಾಲೂ ಇಟ್ಟು ಹೋದ್ರ?” ಎಂದು ಕೇಳುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ನಾಲ್ಕು ವರ್ಷದ ಹುಡುಗ ಅಪ್ಪನ ಹಾಗೆ ಸ್ಟೀರಿಂಗ್ ಹಿಡಿಯಲು ಮುಂದೆ ಬಂದೇ ಬರುತ್ತಾನೆ, ಗೇರಿಗೆ ಕೈ ಹಾಕುತ್ತಾನೆ, ಹ್ಯಾಂಡ್‌ಬ್ರೇಕ್ ಇಳಿಸುತ್ತಾನೆ. ಕೆರೆ ಏರಿಯ ಮೇಲೋ ಇಳಿಜಾರಿನಲ್ಲೋ ನಿಂತ ಗಾಡಿಯಾದರೆ ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಎಂಜಿನ್ ಚಾಲೂ ಇದ್ದಾಗ ಪವರ್ ವಿಂಡೋ ಕೂಡ ಜೀವಂತ. ತಲೆ ಹೊರಗೆ ಹಾಕಿದ ಮಗುವಿನ ಮೊಣಕಾಲು ಬಟನ್ ಮೇಲೆ ಬಿದ್ದರೆ ಗ್ಲಾಸ್ ಕುತ್ತಿಗೆಗೆ ಏರುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೆಯ ಕಲಮಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ವಾಹನ ನಿಲ್ಲಿಸಿದರೆ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು, ಇಲ್ಲವೇ ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಗಾಡಿ ತಾನಾಗಿ ಉರುಳದಂತೆ ಮಾಡಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ತಾಯಂದಿರ ಪರವಾಗಿ ಒಂದು ಮಾತು ಆಡದೆ ಹೋದರೆ ಅನ್ಯಾಯವಾದೀತು. ಕಿಮ್ ಬ್ರೂಕ್ಸ್ ಎಂಬ ಅಮೆರಿಕದ ಲೇಖಕಿ 2011ರಲ್ಲಿ, ತಂಪಾದ ಒಂದು ದಿನ, ತನ್ನ ನಾಲ್ಕು ವರ್ಷದ ಮಗನನ್ನು ಕಾರಿನಲ್ಲಿ ಬಿಟ್ಟು ಕೆಲವು ನಿಮಿಷ ಅಂಗಡಿಗೆ ಹೋಗಿ ಬಂದರು. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಯಾರೋ ಅವನನ್ನು ವಿಡಿಯೋ ಮಾಡಿ ಪೊಲೀಸರಿಗೆ ಕೊಟ್ಟರು, ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆ ಅನುಭವದಿಂದ ಆಕೆ 2018ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕ್ಯಾಲಿಫೋರ್ನಿಯಾದ ಸಂಶೋಧಕರು 2016ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಮಗು ಒಂಟಿಯಾಗಿದ್ದ ಸನ್ನಿವೇಶ ಒಂದೇ. ಆದರೂ ತಾಯಿ ಬೇಕೆಂದೇ ಹೋದಳು ಎಂದು ಕೇಳಿದವರು ಅಪಾಯ ದೊಡ್ಡದು ಎಂದರು, ಆಕೆಗೇ ಏನೋ ಅವಘಡವಾಗಿ ಬರಲಾಗಲಿಲ್ಲ ಎಂದು ಕೇಳಿದವರು ಅಪಾಯ ಸಣ್ಣದು ಎಂದರು. ಜನ ತಾಯಿಯನ್ನು ಮೊದಲು ತೂಗುತ್ತಾರೆ, ಅಪಾಯವನ್ನು ಆಮೇಲೆ ಅಳೆಯುತ್ತಾರೆ.

ನಾನು ಬ್ರೂಕ್ಸ್ ಅವರ ನೋವನ್ನು ಗೌರವಿಸುತ್ತೇನೆ. ಆದರೂ ವೈದ್ಯನಾಗಿ ನನ್ನ ಅಳತೆಗೋಲು ಬಿಸಿಲು ಮತ್ತು ಮಗುವಿನ ವಯಸ್ಸು. ಆರು ವರ್ಷದೊಳಗಿನ ಮಗುವನ್ನು ಯಾವ ಕಾಲದಲ್ಲೂ, ಎಷ್ಟೇ ಚಿಕ್ಕ ಕೆಲಸಕ್ಕೂ ಒಂಟಿಯಾಗಿ ಬಿಡಬೇಡಿ. ಹತ್ತು, ಹನ್ನೆರಡು ವರ್ಷದ, ಬಾಗಿಲು ತೆರೆಯಲು ಬಲ್ಲ, ಹೊರಗೆ ಬಂದು ಕಟ್ಟೆಯ ಮೇಲೆ ಕೂರಬಲ್ಲ ಹುಡುಗಿ ಶ್ರಾವಣದ ಸಂಜೆ ಲಾಕ್ ಇಲ್ಲದ ಕಾರಿನಲ್ಲಿ ಪುಸ್ತಕ ಓದುತ್ತಾ ಕೂತರೆ ಅದು ಬೇರೆ ಮಾತು, ಅದಕ್ಕೆ ಯಾರೂ ಗಲಾಟೆ ಮಾಡಬೇಕಿಲ್ಲ. ಆದರೆ ಆ ಹತ್ತು ವರ್ಷದವಳಿಗೆ ಎರಡು ವರ್ಷದ ತಮ್ಮನನ್ನು ಒಪ್ಪಿಸಿ ಹೋಗಬೇಡಿ. ಎಂಟು ಹತ್ತು ವರ್ಷದ ಹೆಣ್ಣುಮಕ್ಕಳ ಬಗಲಿಗೆ ಕೂಸು ಹಾಕುವ ಚಾಳಿ ನಮ್ಮಲ್ಲಿ ಹಳೆಯದು, ಕಾರಿನಲ್ಲಿ ಅದು ಇಬ್ಬರಿಗೂ ಅಪಾಯ.

ಹಾಗಾದರೆ ಕೂಸನ್ನು ಕಟ್ಟಿಕೊಂಡು ಒಬ್ಬಳೇ ಪೇಟೆಗೆ ಬಂದ ತಾಯಿ ಏನು ಮಾಡಬೇಕು? ಬಗಲಲ್ಲಿ ಕೂಸು, ಕೈಯಲ್ಲಿ ಚೀಲ, ಅಂಗಡಿಯಲ್ಲಿ ಸಾಲು. ಇದಕ್ಕೆ ಉತ್ತರ ಆಕೆಯೊಬ್ಬಳ ಹತ್ತಿರ ಇಲ್ಲ, ಪೇಟೆಯವರ ಹತ್ತಿರ ಇದೆ. ಹೊಲದ ಬದುವಿನಲ್ಲಿ ಗಿಡಕ್ಕೆ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ ತಾಯಂದಿರು ಕಳೆ ತೆಗೆಯುತ್ತಿದ್ದರು. ಗಾಳಿ ಆಡುತ್ತಿತ್ತು, ಅತ್ತರೆ ಕೇಳುತ್ತಿತ್ತು, ಸಾಲಿನಲ್ಲಿದ್ದ ಯಾರಾದರೂ ಓಡಿ ಬರುತ್ತಿದ್ದರು. ಕಾರು ಆ ಮೂರನ್ನೂ ಕಿತ್ತುಕೊಂಡಿದೆ: ಗಾಳಿ ಇಲ್ಲ, ಅಳು ಕೇಳುವುದಿಲ್ಲ, ಕಪ್ಪು ಫಿಲ್ಮ್ ಅಂಟಿಸಿದ ಗ್ಲಾಸಿನೊಳಗೆ ಯಾರಿದ್ದಾರೆಂದು ಕಾಣುವುದೂ ಇಲ್ಲ. ಆ ಫಿಲ್ಮನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್‌ನಲ್ಲೇ ಬೇಡವೆಂದಿತು. ಇನ್ನೂ ಅಂಟಿಸಿಕೊಂಡವರು ಈ ಕಾರಣಕ್ಕಾದರೂ ಕಿತ್ತುಹಾಕಿ.

ಅಂಗಡಿಕಾರರಿಗೆ ನನ್ನ ಬೇಡಿಕೆ ಇಷ್ಟು. ಕಾರಿನಲ್ಲಿ ಕೂಸಿದೆ ಎಂದು ಯಾರಾದರೂ ಹಾರ್ನ್ ಮಾಡಿದರೆ, ಫೋನ್ ಮಾಡಿದರೆ, ಸಾಮಾನನ್ನು ಕಾರಿನ ಹತ್ತಿರ ತಂದು ಕೊಡಿ. ಮುಂಬೈ, ಬೆಂಗಳೂರಿನಂಥ ಊರಲ್ಲಿ ಇದಕ್ಕೆ ಆ್ಯಪ್ ಬೇಕು, ತಿಳವಳ್ಳಿಯಲ್ಲಿ ಒಂದು ಕೂಗು ಸಾಕು. ಬ್ಯಾಂಕಿನವರು, ಪಂಚಾಯ್ತಿಯವರು ಕೂಸು ಎತ್ತಿಕೊಂಡು ಬಂದವರನ್ನು ಸಾಲಿನಲ್ಲಿ ಮುಂದೆ ಬಿಡಿ. ಮಲಗಿದ ಕೂಸನ್ನು ಎಬ್ಬಿಸಿ ಎತ್ತಿಕೊಂಡು ಬಂದ ತಾಯಿಗೆ “ಕಾರಿನ್ಯಾಗ ಬಿಟ್ಟು ಬರಬಾರದಿತ್ತೇನು” ಎಂದು ಯಾರೂ ಅನ್ನಬೇಡಿ. ಅಂಥ ಮಾತೇ ಮುಂದಿನ ಸಲ ಆಕೆ ಕೂಸನ್ನು ಕಾರಿನಲ್ಲಿ ಬಿಟ್ಟು ಬರುವಂತೆ ಮಾಡುತ್ತದೆ.

ಕೂಸನ್ನು ಒಳಗೆ ಬಿಟ್ಟು ಲಾಕ್ ಏಕೆ ಮಾಡುತ್ತೀರಿ ಎಂದರೆ ಬಹಳ ಜನ ಮಕ್ಕಳ ಕಳ್ಳರ ಹೆಸರು ಹೇಳುತ್ತಾರೆ. ಆ ಭಯ ನಮ್ಮ ರಾಜ್ಯದಲ್ಲಿ ಎಂಥ ಅನಾಹುತ ಮಾಡಿದೆ ಎಂಬುದನ್ನು ನಾವು ಮರೆಯಬಾರದು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬ ಕಾರಣಕ್ಕೆ, ವಾಟ್ಸಾಪ್ ಗಾಳಿಸುದ್ದಿ ನಂಬಿದ ಜನ ಕಾರಿನಲ್ಲಿ ಬಂದ ಗೆಳೆಯರನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಪ್ರಾಣ ಬಿಟ್ಟ. ಇಂದು ಅಪರಿಚಿತನೊಬ್ಬ ನಿಮ್ಮ ಕಾರಿನ ಗ್ಲಾಸಿಗೆ ಮುಖ ಹಚ್ಚಿ ಒಳಗಿನ ಕೂಸನ್ನು ನೋಡುತ್ತಿದ್ದರೆ ಅವನು ಕಾಪಾಡಲು ಬಂದವನಿರಬಹುದು. ಅವನ ಮೇಲೆ ಕೈ ಎತ್ತುವ ಮೊದಲು ಕಾರಿನ ಬಾಗಿಲು ತೆರೆಯಿರಿ.

ನೀವೇ ಆ ದಾರಿಹೋಕರಾದರೆ ಏನು ಮಾಡಬೇಕೆಂದು ಹೇಳಿ ನನ್ನ ಮಾತು ಮುಗಿಸುತ್ತೇನೆ. ಮೊಬೈಲು ತೆಗೆದು ವಿಡಿಯೋ ಮಾಡಬೇಡಿ. ಗ್ಲಾಸ್ ತಟ್ಟಿ, ಮಗು ಅಲುಗಾಡುತ್ತದೆಯೇ ನೋಡಿ. ಎಚ್ಚರವಿದ್ದು ಚೆನ್ನಾಗಿದ್ದರೆ ಒಬ್ಬರು ಅಲ್ಲೇ ನಿಲ್ಲಿ, ಇನ್ನೊಬ್ಬರು ಕಾರಿನ ನಂಬರ್ ಹೇಳುತ್ತಾ ಅಂಗಡಿ ಸಾಲಿನಲ್ಲಿ ಕೂಗುತ್ತಾ ಹೋಗಿ, 112ಕ್ಕೂ ಫೋನ್ ಮಾಡಿ. ಮಗು ಮಂಕಾಗಿದ್ದರೆ, ವಾಂತಿ ಮಾಡಿದ್ದರೆ, ಮುಖ ಕೆಂಪಾಗಿ ಕಣ್ಣು ಮೇಲಾಗಿದ್ದರೆ ಕಾಯಬೇಡಿ, ಗ್ಲಾಸ್ ಒಡೆಯಿರಿ. ಮುಂದಿನ ದೊಡ್ಡ ಗ್ಲಾಸಿಗೆ ಹೊಡೆಯಬೇಡಿ, ಅದರ ನಡುವೆ ಪದರವಿರುತ್ತದೆ, ಒಡೆದು ಬೀಳುವುದಿಲ್ಲ. ಮಗುವಿನಿಂದ ದೂರ ಇರುವ ಪಕ್ಕದ ಗ್ಲಾಸಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಿರಿ. ಕೇಸು ಆಗುತ್ತದೆ ಎಂಬ ಹೆದರಿಕೆ ಬೇಡ. ದೊಡ್ಡ ಹಾನಿ ತಪ್ಪಿಸಲು ಸದುದ್ದೇಶದಿಂದ ಮಾಡಿದ ಸಣ್ಣ ಹಾನಿ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 19ನೆಯ ಕಲಮು ಹೇಳುತ್ತದೆ. ಬೆಂಕಿ ಹರಡದಿರಲಿ ಎಂದು ಪಕ್ಕದ ಮನೆ ಕೆಡವಿದವನ ಉದಾಹರಣೆಯನ್ನು ಕಾನೂನೇ ಕೊಟ್ಟಿದೆ.

ಮಗುವನ್ನು ನೆರಳಿಗೆ ತನ್ನಿ, ಬಟ್ಟೆ ಬಿಚ್ಚಿ, ಮೈಗೆಲ್ಲ ಸಾದಾ ನೀರು ಸುರಿಯಿರಿ, ಟವೆಲು, ಸೆರಗು, ರಟ್ಟು ಏನು ಸಿಕ್ಕರೂ ಅದರಿಂದ ಗಾಳಿ ಹಾಕಿ. ತಂಪುಪಾನೀಯದ ಅಂಗಡಿ ಹತ್ತಿರವಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳು, ತೊಡೆಸಂದಿ, ಕುತ್ತಿಗೆಗೆ ಇಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ತಂಪು ಮಾಡುವುದನ್ನು ನಿಲ್ಲಿಸಬೇಡಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಮೈ ಒದ್ದೆ ಇರಲಿ, ಕಿಟಕಿ ತೆರೆದಿರಲಿ. ಎಷ್ಟು ಹೊತ್ತು ಒಳಗಿತ್ತು ಎಂದು ಯಾರಿಗಾದರೂ ಗೊತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ತಂದೆ ತಾಯಿ ಓಡಿ ಬಂದಾಗ ಅವರನ್ನು ಬೈಯಬೇಡಿ, ಅವರ ಕೈಗೂ ನೀರಿನ ತಂಬಿಗೆ ಕೊಡಿ. ಮಗುವಿನ ಮೈ ಇನ್ನೂ ಬಿಸಿಯಾಗಿಯೇ ಇರುತ್ತದೆ.